ಉಂಗುರ, ಓಲೆ, ಗೂಢಚಾರ

ಇವತ್ತಿನ ಮಾತು ಗೂಢಚಾರರ ಕಥೆಗಳ ಬಗ್ಗೆ. ಒಂದು ಕಾಲಕ್ಕೆ ಈ ಕಥೆಗಳು ಬಸ್ ನಿಲ್ದಾಣದ ಅಂಗಡಿಗಳಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. ಈಗ ಮೊಬೈಲಿನಲ್ಲಿ ಕಂತುಕಂತಾಗಿ ಬರುತ್ತವೆ. ರೂಪ ಬದಲಾಗಿದೆ, ಗಿರಾಕಿ ಕಡಿಮೆಯಾಗಿಲ್ಲ. ವಿಮರ್ಶಕರು ಇವನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸುವುದು ಅಪರೂಪ. ಓದುಗರು ಮಾತ್ರ ಕೈಬಿಟ್ಟಿಲ್ಲ. ಈ ಒಲವಿಗೆ ಕಾರಣವೇನು? ಪಿಸ್ತೂಲು, ಕಾರಿನ ಓಟ, ಪರದೇಶದ ಊರು, ವೇಷ ಮರೆಸಿ ತಿರುಗುವ ನಾಯಕ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಉತ್ತರ ಸಾಲದು ಎಂಬುದು ನನ್ನ ವಾದ. ಪಿಸ್ತೂಲೂ ಇಲ್ಲದ, ಕಾರೂ ಇಲ್ಲದ ಕಾಲದಲ್ಲೇ ಗೂಢಚಾರನ ಕಥೆ ಜನರನ್ನು ಹಿಡಿದು ಕೂರಿಸಿತ್ತು. ಆ ಕಥೆಯ ಜೀವ ಇರುವುದು ಒಂದು ಪ್ರಶ್ನೆಯಲ್ಲಿ: ಎದುರಿಗಿರುವ ಮನುಷ್ಯನನ್ನು ನಂಬುವುದೋ ಬೇಡವೋ? ಈ ಪ್ರಶ್ನೆ ರಾಜನದೂ ಹೌದು, ಮನೆ ಬಾಡಿಗೆಗೆ ಕೊಡುವವನದೂ ಹೌದು, ಮಗಳಿಗೆ ವರ ನೋಡುವವರದೂ ಹೌದು. ಬೇಹಿನ ಕಥೆ ಈ ದಿನನಿತ್ಯದ ಪ್ರಶ್ನೆಗೆ ಪ್ರಾಣದ ಬೆಲೆ ಕಟ್ಟಿ ಮುಂದಿಡುತ್ತದೆ. ಅದಕ್ಕೇ ಅದು ಹಳತಾಗುವುದಿಲ್ಲ. ಇದಕ್ಕೆ ಸಾಕ್ಷ್ಯವನ್ನು ಬರ್ಲಿನ್ ನಗರದಿಂದ ತರಬೇಕಾಗಿಲ್ಲ. ನಮ್ಮ ಮೈಸೂರಿನಲ್ಲೇ ಬೇಕಾದಷ್ಟಿದೆ.

ಮೊದಲ ಸಾಕ್ಷ್ಯ 1823ನೆಯ ಇಸವಿಯದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಕೆಂಪುನಾರಾಯಣ ಎಂಬ ಲೇಖಕ 'ಮುದ್ರಾಮಂಜೂಷ' ಎಂಬ ಗದ್ಯಕೃತಿಯನ್ನು ಬರೆದ. ಹಳೆಯ ಕಾವ್ಯಪರಂಪರೆಗೂ ಹೊಸ ಕಾದಂಬರಿಗೂ ನಡುವಿನ ಕೊಂಡಿ ಎಂದು ನಮ್ಮ ಸಾಹಿತ್ಯ ಚರಿತ್ರೆಕಾರರು ಈ ಪುಸ್ತಕವನ್ನು ಗುರುತಿಸುತ್ತಾರೆ. ಸುಮಾರು 200 ವರ್ಷಗಳ ಹಿಂದೆ ಕನ್ನಡ ಗದ್ಯ ಒಂದು ದೊಡ್ಡ ಕಥೆಯನ್ನು ಹೊಸದಾಗಿ ಹೇಳಲು ಹೊರಟಾಗ ಆರಿಸಿಕೊಂಡ ವಸ್ತು ಯಾವುದು? ಚಾಣಕ್ಯ ಮತ್ತು ಅಮಾತ್ಯ ರಾಕ್ಷಸರ ನಡುವಿನ ಬೇಹಿನ ಯುದ್ಧ. ವಿಶಾಖದತ್ತನ ಸಂಸ್ಕೃತ ನಾಟಕ 'ಮುದ್ರಾರಾಕ್ಷಸ'ದ ಕಥೆ. ನಂದರು ಅಳಿದಿದ್ದಾರೆ. ಚಂದ್ರಗುಪ್ತ ಪಟ್ಟಕ್ಕೆ ಬಂದಿದ್ದಾನೆ. ನಂದರ ಮಂತ್ರಿ ರಾಕ್ಷಸ ಊರು ಬಿಟ್ಟು, ಶತ್ರುಗಳ ಜೊತೆ ಸೇರಿ, ಸೇಡಿಗೆ ಕಾದಿದ್ದಾನೆ. ಚಾಣಕ್ಯನಿಗೆ ಬೇಕಾದದ್ದು ರಾಕ್ಷಸನ ತಲೆಯಲ್ಲ. ಆ ನಿಷ್ಠಾವಂತನೇ ಚಂದ್ರಗುಪ್ತನ ಮಂತ್ರಿಯಾಗಬೇಕು. ಇಡೀ ನಾಟಕದಲ್ಲಿ ರಂಗದ ಮೇಲೆ ಒಂದು ಯುದ್ಧವೂ ನಡೆಯುವುದಿಲ್ಲ. ನಡೆಯುವುದೆಲ್ಲ ಓಲೆಯ ಮೇಲೆ, ಉಂಗುರದ ಮೇಲೆ, ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳುವ ಮಾತಿನ ಮೇಲೆ.

ಆ ಉಂಗುರ ಸಿಗುವ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಮಲೋಕದ ಚಿತ್ರಪಟ ಹಿಡಿದು ಹಾಡಿಕೊಂಡು ಬೇಡುವವನ ವೇಷದಲ್ಲಿ ಚಾಣಕ್ಯನ ಬೇಹುಗಾರ ಬೀದಿಬೀದಿ ತಿರುಗುತ್ತಾನೆ. ಚಂದನದಾಸನೆಂಬ ರತ್ನಪಡಿ ವ್ಯಾಪಾರಿಯ ಮನೆಗೆ ಬರುತ್ತಾನೆ. ಹಾಡು ಕೇಳಿ ಐದು ವರ್ಷದ ಮಗುವೊಂದು ಹೊರಗೆ ಓಡಿ ಬರುತ್ತದೆ. ಒಳಗಿನ ಹೆಂಗಸರಿಗೆ ಗಾಬರಿ. ಬಾಗಿಲ ಮರೆಯಿಂದ ಒಂದು ಕೈ ಚಾಚಿ ಮಗುವನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಅವಸರದಲ್ಲಿ ಬೆರಳಿನ ಉಂಗುರ ಜಾರಿ ಬೀಳುತ್ತದೆ. ಗಂಡಸಿನ ಅಳತೆಯ ಉಂಗುರ. ಅದು ಉರುಳಿ ಬಂದು ಬೇಹುಗಾರನ ಕಾಲ ಬಳಿ ನಿಲ್ಲುತ್ತದೆ. ಅದರ ಮೇಲೆ ರಾಕ್ಷಸನ ಹೆಸರು. ಅಂದರೆ ಓಡಿಹೋದ ಮಂತ್ರಿಯ ಹೆಂಡತಿ ಮಗು ಈ ಗೆಳೆಯನ ಮನೆಯಲ್ಲಿ ಅಡಗಿದ್ದಾರೆ. ತಾಯಿ ಮಗುವನ್ನು ಕಾಪಾಡಲು ಚಾಚಿದ ಕೈಯೇ ಗುಟ್ಟನ್ನು ಬಿಟ್ಟುಕೊಟ್ಟಿತು. ಮುಂದೆ ಚಾಣಕ್ಯ ಆ ಉಂಗುರದಿಂದ ಒಂದು ಸುಳ್ಳು ಓಲೆಗೆ ಮುದ್ರೆ ಒತ್ತಿಸುತ್ತಾನೆ. ಓಲೆಯ ಅಕ್ಷರ ರಾಕ್ಷಸನ ಗೆಳೆಯನದೇ. ಮುದ್ರೆ ರಾಕ್ಷಸನದೇ. ಬರೆದ ಸಂಗತಿ ಮಾತ್ರ ಸುಳ್ಳು. ಅದನ್ನು ಓದಿದ ಮಿತ್ರರಾಜ ರಾಕ್ಷಸನನ್ನೇ ದ್ರೋಹಿ ಎಂದು ದೂರ ತಳ್ಳುತ್ತಾನೆ. ಒಂದು ಸೈನ್ಯ ಮಾಡಲಾಗದ ಕೆಲಸವನ್ನು ಒಂದು ಮುದ್ರೆ ಮಾಡಿತು. ಇದನ್ನು ಕೇಳುವವನ ಮನಸ್ಸು ಏನು ಮಾಡುತ್ತದೆ ಗಮನಿಸಿ. ಪ್ರತಿಯೊಂದು ಪಾತ್ರವನ್ನೂ ಅದು ತೂಗಿ ನೋಡತೊಡಗುತ್ತದೆ. ಇವನು ಯಾರ ಕಡೆಯವನು? ಈ ಹಾವಾಡಿಗ ನಿಜವಾಗಿ ಹಾವಾಡಿಗನೇ? ಈ ಸನ್ಯಾಸಿ ಯಾರ ಅನ್ನ ತಿನ್ನುತ್ತಿದ್ದಾನೆ? ಓದುವ ಸುಖವೆಲ್ಲ ಈ ತೂಗುವಿಕೆಯಲ್ಲಿದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಗೂಢಚಾರನ ಕಥೆಯ ಸೆಳೆತ ಆಯುಧದಲ್ಲಿಲ್ಲ, ನಂಬಿಕೆಯ ಪರೀಕ್ಷೆಯಲ್ಲಿದೆ. ಕನ್ನಡದ ಹೊಸ ಗದ್ಯ ಹುಟ್ಟುವಾಗಲೇ ಆ ಸೆಳೆತ ಇತ್ತು. ಈಗ ಎರಡನೆಯ ಸಾಕ್ಷ್ಯ. ಅದೂ ಮೈಸೂರಿನದೇ. 1905ರಲ್ಲಿ ಇಲ್ಲಿಯ ಓರಿಯೆಂಟಲ್ ಲೈಬ್ರರಿಗೆ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ, ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಒಂದು ತಾಳೆಗರಿಯ ಕಟ್ಟು ಬಂತು. ಗ್ರಂಥಲಿಪಿಯಲ್ಲಿ ಬರೆದದ್ದು. ಅಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. ಹೆಸರು ಮಾತ್ರ ಉಳಿದು, ಪಠ್ಯ ಕಳೆದೇ ಹೋಯಿತೆಂದು ಲೋಕ ತಿಳಿದಿದ್ದ ಗ್ರಂಥ. 1909ರಲ್ಲಿ ಅವರು ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಹೊರಬಂತು. ಆ ಗ್ರಂಥದ ಮೊದಲ ಅಧಿಕರಣದಲ್ಲೇ ಗೂಢಪುರುಷರ ನೇಮಕದ ವಿಚಾರ ಇದೆ. ಅದು ಒಣ ಆಡಳಿತದ ಬರಹ ಎಂದುಕೊಂಡವರು ಆ ಪುಟಗಳನ್ನು ಓದಬೇಕು. ಅಲ್ಲಿ ಹತ್ತಾರು ಕಾದಂಬರಿಗಳಿಗೆ ಆಗುವಷ್ಟು ಪಾತ್ರಗಳಿವೆ.

ಯಾರು ಆ ಪಾತ್ರಗಳು? ಒಬ್ಬ ಜಾಣ ವಿದ್ಯಾರ್ಥಿ. ವೈರಾಗ್ಯ ಬಿಟ್ಟ ಒಬ್ಬ ಸನ್ಯಾಸಿ. ಬೇಸಾಯ ಕೈಕೊಟ್ಟ ಒಬ್ಬ ರೈತ. ವ್ಯಾಪಾರ ಮುಳುಗಿದ ಒಬ್ಬ ವರ್ತಕ. ಊರ ಹೊರಗೆ ಶಿಷ್ಯರ ಗುಂಪು ಕಟ್ಟಿಕೊಂಡು ಕೂತ ಒಬ್ಬ ತಪಸ್ವಿ. ಈ ತಪಸ್ವಿ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಜನರ ಕಣ್ಣೆದುರು, ಒಂದು ಹಿಡಿ ಸೊಪ್ಪು ತಿನ್ನುತ್ತಾನೆ. ಮರೆಯಲ್ಲಿ ಬೇಕಾದ ಊಟ ಮಾಡುತ್ತಾನೆ. ಇಂಥ ಮನೆಗೆ ಬೆಂಕಿ ಬೀಳುತ್ತದೆ, ಇಂಥಲ್ಲಿ ಕಳ್ಳರ ಭಯವಿದೆ ಎಂದು ಭವಿಷ್ಯ ನುಡಿಯುತ್ತಾನೆ. ಅದನ್ನು ನಿಜ ಮಾಡಿ ತೋರಿಸುವವರು ಬೇರೆ ಇದ್ದಾರೆ. ಇವರಲ್ಲದೆ ಅಡುಗೆಯವರು, ಸ್ನಾನ ಮಾಡಿಸುವವರು, ಹಾಸಿಗೆ ಹಾಸುವವರು, ಕ್ಷೌರಿಕರು, ನಟರು, ಹಾಡುವವರು, ಮನೆಮನೆ ತಿರುಗುವ ಭಿಕ್ಷುಕಿಯರು. ನೋಡಿ, ಇವರಲ್ಲಿ ಅಸಾಮಾನ್ಯರು ಯಾರೂ ಇಲ್ಲ. ಎಲ್ಲರೂ ಬೀದಿಯಲ್ಲಿ ದಿನವೂ ಎದುರಾಗುವ ಜನ. ಬದುಕಿನಲ್ಲಿ ಸೋತವರನ್ನೇ ಕೌಟಿಲ್ಯ ಹುಡುಕಿ ಹಿಡಿಯುತ್ತಾನೆ ಎಂಬುದೂ ಗಮನಿಸಬೇಕಾದ ಮಾತು. ಸೋತವನಿಗೆ ಹಣ ಬೇಕು, ಹೊಸ ಹೆಸರು ಬೇಕು, ಯಾರಿಗೋ ತಾನು ಬೇಕಾಗಿದ್ದೇನೆ ಎಂಬ ಭಾವ ಬೇಕು. ಇಪ್ಪತ್ತನೆಯ ಶತಮಾನದ ಬೇಹು ಕಾದಂಬರಿಕಾರರು ಬಹಳ ಶ್ರಮಪಟ್ಟು ಮುಟ್ಟಿದ ತಿಳಿವಳಿಕೆ ಇದು. ಆ ಸೋತ ರೈತನೂ ವರ್ತಕನೂ ಸಂಬಳದ ಪಟ್ಟಿಯಲ್ಲೂ ಬರುತ್ತಾರೆ. ಮಂತ್ರಿಗೆ ವರ್ಷಕ್ಕೆ 48,000 ಪಣ. ಒಂದೆಡೆ ನೆಲೆಸಿ ಕೆಲಸ ಮಾಡುವ ಬೇಹುಗಾರನಿಗೆ 1,000 ಪಣ. ಊರೂರು ತಿರುಗುವವನಿಗೆ 500.

ಇನ್ನೆರಡು ನಿಯಮಗಳನ್ನು ಹೇಳದೆ ಮುಂದೆ ಹೋಗಲಾರೆ. ಒಂದು: ಒಬ್ಬರನ್ನೊಬ್ಬರು ಅರಿಯದ ಮೂವರು ಒಂದೇ ಸುದ್ದಿ ತಂದರೆ ಮಾತ್ರ ಅದನ್ನು ನಂಬಬೇಕು. ಮತ್ತೆಮತ್ತೆ ಬೇರೆ ಬೇರೆ ಹೇಳಿದರೆ ಅವರಿಗೆ ಗುಟ್ಟಾಗಿ ಶಿಕ್ಷೆ, ಇಲ್ಲವೇ ಕೆಲಸದಿಂದ ವಜಾ. ಎರಡು: ಶತ್ರುವಿನ ಬಳಿಯೂ ಸಂಬಳ ತೆಗೆದುಕೊಂಡು, ನಿಜದಲ್ಲಿ ತನ್ನ ರಾಜನಿಗೆ ದುಡಿಯುವವನನ್ನು ಕೌಟಿಲ್ಯ ಉಭಯವೇತನ ಎನ್ನುತ್ತಾನೆ. ಅಂಥವನನ್ನು ಕಳಿಸುವ ಮೊದಲು ಅವನ ಹೆಂಡತಿ ಮಕ್ಕಳನ್ನು ರಾಜ ತನ್ನ ವಶದಲ್ಲಿ ಇಟ್ಟುಕೊಳ್ಳಬೇಕು. ಈ ಒಂದು ವಿಧಿಯ ಹಿಂದೆ ಎಷ್ಟು ಕಥೆ ಇದೆ ಯೋಚಿಸಿ. ಕಳಿಸುವವನಿಗೂ ಹೋಗುವವನ ಮೇಲೆ ನಂಬಿಕೆ ಇಲ್ಲ. ಹೋಗುವವನು ಅತ್ತ ಪ್ರತಿ ಗಳಿಗೆ ಸುಳ್ಳು ಬದುಕುತ್ತಾನೆ. ಇತ್ತ ಮನೆಯವರು ಒತ್ತೆ. ಇದು ರಾಜನೀತಿಯ ಸೂತ್ರವಷ್ಟೇ ಎಂದು ಓದಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಆ ಹೆಂಡತಿಯ ಬಗ್ಗೆ ಕೌಟಿಲ್ಯ ಒಂದು ಮಾತೂ ಹೇಳುವುದಿಲ್ಲ. ಹೇಳುವುದು ಅವನ ಕೆಲಸವೂ ಅಲ್ಲ. ಅದು ಕಥೆಗಾರನ ಕೆಲಸ.

ಸರಿ, ಇವು ಗ್ರಂಥದ ಮಾತುಗಳು. ನಮ್ಮ ನೆಲದಲ್ಲಿ ನಿಜವಾಗಿ ಹೀಗೆ ನಡೆಯುತ್ತಿತ್ತೇ? ನಡೆಯುತ್ತಿತ್ತು. ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಮೈಸೂರಿನ ಅಂಚೆ ವ್ಯವಸ್ಥೆಗೆ ಬುನಾದಿ ಹಾಕಿದವರೆಂದು ಅವರ ಹೆಸರು ಪ್ರಸಿದ್ಧ. ಮುಂದೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ಆ ಅಂಚೆಯ ಇನ್ನೊಂದು ಮುಖವನ್ನು ದಾಖಲಿಸಿದ್ದಾನೆ. ಅದು ಸುದ್ದಿ ಸಾಗಿಸುವ ಸಾಧನ ಮಾತ್ರ ಆಗಿರಲಿಲ್ಲ, ಸುದ್ದಿ ಸಂಗ್ರಹಿಸುವ ಸಾಧನವೂ ಆಗಿತ್ತು. ಅಂಚೆಯ ಮುಖ್ಯಸ್ಥರು ಅರಮನೆಯ ನಂಬಿಕಸ್ತರು. ಕೆಳಗಿನ ನೌಕರರು ಬೇಹುಗಾರರು. ಊರಿನಲ್ಲಿ ಯಾರು ಏನು ಮಾತಾಡಿದರು ಎಂಬುದು ಅರಮನೆಗೆ ತಲುಪುತ್ತಿತ್ತು. ಜನ ತಮ್ಮ ಕಾಗದವನ್ನು ಯಾರ ಕೈಗೆ ನಂಬಿ ಕೊಡುತ್ತಿದ್ದರೋ ಅವನೇ ಕಿವಿ ತೆರೆದು ನಿಂತವನು. ಕನ್ನಡದ ಪತ್ತೇದಾರಿ ಲೇಖಕರು ಈ ಅಂಚೆಯ ಮೇಲೆ ಒಂದು ಸಾಲು ಕಾದಂಬರಿಗಳನ್ನೇ ಬರೆಯಬಹುದಿತ್ತು.

ಈಗ ಒಂದು ಆಕ್ಷೇಪವನ್ನು ಎದುರಿಸಬೇಕು. ಮುದ್ರಾಮಂಜೂಷ, ಅರ್ಥಶಾಸ್ತ್ರ, ಚಿಕ್ಕದೇವರಾಜರ ಅಂಚೆ, ಇವೆಲ್ಲ ಸರಿ. ಆದರೆ ನಾವು ಇವತ್ತು ಬೇಹಿನ ಕಾದಂಬರಿ ಎಂದು ಕರೆಯುವುದು ಇಂಗ್ಲೆಂಡಿನಿಂದ ಬಂದದ್ದಲ್ಲವೇ? ಬಂದದ್ದು ನಿಜ. ಕಿಪ್ಲಿಂಗನ 'ಕಿಮ್' 1901ರದು. ಜಾನ್ ಬುಕನ್ನನ 'ದಿ ಥರ್ಟಿನೈನ್ ಸ್ಟೆಪ್ಸ್' 1915ರದು. ಆ ನಡುವೆ ಜರ್ಮನ್ ಗೂಢಚಾರರ ಭೀತಿಯನ್ನು ಅಗ್ಗದ ಕಾದಂಬರಿಗಳು ಇಂಗ್ಲೆಂಡಿನಲ್ಲಿ ಎಷ್ಟು ಹಬ್ಬಿಸಿದವೆಂದರೆ, 1909ರಲ್ಲಿ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಹುಟ್ಟುವುದಕ್ಕೆ ಆ ಭೀತಿಯೂ ಒಂದು ಕಾರಣವಾಯಿತು. ಕಥೆ ಸರ್ಕಾರವನ್ನೇ ಅಲುಗಿಸಿದ ಸಂದರ್ಭ ಅದು. 1953ರಲ್ಲಿ ಇಯಾನ್ ಫ್ಲೆಮಿಂಗ್ ಜೇಮ್ಸ್ ಬಾಂಡ್‌ನನ್ನು ತಂದ. ಹತ್ತು ವರ್ಷದ ಮೇಲೆ ಜಾನ್ ಲೆ ಕಾರ್ರೆ ಅದಕ್ಕೆ ತೀರ ವಿರುದ್ಧವಾದ, ದಣಿದ, ಮೋಸ ಹೋದ ಬೇಹುಗಾರನನ್ನು ತಂದ. ಕನ್ನಡದಲ್ಲಿ 1968ರಲ್ಲಿ ದೊರೈ–ಭಗವಾನ್ ಜೋಡಿ 'ಜೇಡರ ಬಲೆ' ಚಿತ್ರ ಮಾಡಿತು. ಬೇಡರ ಕಣ್ಣಪ್ಪನೂ ಕನಕದಾಸನೂ ಆಗಿದ್ದ ರಾಜ್‌ಕುಮಾರ್ ಅದರಲ್ಲಿ ಸಿ.ಐ.ಡಿ. 999 ಆದರು. ಲೋಹವನ್ನು ಚಿನ್ನ ಮಾಡುವ ಸೂತ್ರ ಕಂಡುಹಿಡಿದ ವಿಜ್ಞಾನಿ, ಆ ಸೂತ್ರದ ಬೆನ್ನುಬಿದ್ದ ದುಷ್ಟರು, ಇದು ಕಥೆ. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದವು. ಭಾರತ ಸರ್ಕಾರ ಹೊರದೇಶಗಳ ಬೇಹಿಗಾಗಿಯೇ 'ರಾ' ಸಂಸ್ಥೆಯನ್ನು ಕಟ್ಟಿದ್ದೂ 1968ರಲ್ಲೇ. ಆ ದಶಕದಲ್ಲೇ ದೇಶ ಎರಡು ಯುದ್ಧಗಳನ್ನು ಕಂಡು ಮುಗಿಸಿದ್ದ ಕಾಲ ಅದು. ಗಡಿಯಾಚೆ ಏನು ನಡೆಯುತ್ತಿದೆ ಎಂಬ ಆತಂಕ ದೆಹಲಿಯ ಕಚೇರಿಗೂ ಇತ್ತು, ಮೈಸೂರಿನ ಚಿತ್ರಮಂದಿರದ ಬೆಂಚಿಗೂ ಇತ್ತು. ಆದ್ದರಿಂದ ನನ್ನ ಉತ್ತರ ಹೀಗೆ: 999 ತೊಟ್ಟ ಕೋಟು ಹೊರಗಿನದು. ಅದನ್ನು ತೊಡಿಸಿದಾಗ ಒಪ್ಪಿಕೊಂಡ ಮನಸ್ಸು ಹೊರಗಿನದಲ್ಲ. ವೇಷವನ್ನೂ ಮುದ್ರೆಯನ್ನೂ ಎರಡು ನಾಲಗೆಯ ದೂತರನ್ನೂ ಆ ಮನಸ್ಸು ಮೊದಲೇ ಬಲ್ಲದು.

ಮುಂದಿನ ಆಕ್ಷೇಪಕ್ಕೆ ಹೋಗುವ ಮುನ್ನ ಒಂದು ವ್ಯತ್ಯಾಸ ನೆನಪಿಡೋಣ. ಪತ್ತೇದಾರಿ ಕಥೆಯಲ್ಲಿ ಕೊಲೆ ಆಗಿಹೋಗಿದೆ. ಯಾರು ಮಾಡಿದರು ಎಂಬುದು ಪ್ರಶ್ನೆ. ಉತ್ತರ ಸಿಕ್ಕರೆ ಊರು ನೆಮ್ಮದಿಗೆ ಮರಳುತ್ತದೆ. ಬೇಹಿನ ಕಥೆಯಲ್ಲಿ ಅನಾಹುತ ಇನ್ನೂ ಆಗಿಲ್ಲ. ಯಾರು ಯಾರ ಕಡೆ ಎಂಬುದು ಪ್ರಶ್ನೆ. ಉತ್ತರ ಸಿಕ್ಕ ಮೇಲೂ ನೆಮ್ಮದಿ ಖಚಿತವಲ್ಲ. ಕನ್ನಡದ ಅಗ್ಗದ ಕಾದಂಬರಿಗಳಲ್ಲಿ ಈ ಎರಡು ಎಳೆಗಳೂ ಹೆಣೆದುಕೊಂಡೇ ಬಂದಿವೆ. ಆ ಕಾದಂಬರಿಗಳ ಮೇಲಿನ ಆರೋಪ ಎಲ್ಲರಿಗೂ ಗೊತ್ತು. ಅವು ಕಳಪೆ, ಓದುಗರ ರುಚಿ ಕೆಡಿಸುತ್ತವೆ ಎಂಬುದು. ಎನ್. ನರಸಿಂಹಯ್ಯನವರ ಉದಾಹರಣೆಯನ್ನೇ ತೆಗೆದುಕೊಳ್ಳಿ. 1925ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು. ಶಾಲೆಯ ಓದು ನಾಲ್ಕನೆಯ ತರಗತಿಗೆ ನಿಂತಿತು. 1952ರಲ್ಲಿ 'ಪತ್ತೇದಾರ ಪುರುಷೋತ್ತಮ' ಬರೆದರು. ಬದುಕಿನ ಉದ್ದಕ್ಕೂ ಬರೆದದ್ದು ಸುಮಾರು 500 ಕಾದಂಬರಿಗಳು. ಪುರುಷೋತ್ತಮ, ಅರಿಂಜಯ, ಮಧುಸೂದನ, ಗಾಳಿರಾಯ ಎಂಬ ಪತ್ತೇದಾರರು ಮನೆಮಾತಾದರು. ಕಾದಂಬರಿ ಓದುವುದು ಕಲಿತವರ ಹವ್ಯಾಸ ಎಂಬ ಕಾಲದಲ್ಲಿ, ಅಕ್ಷರ ಆಗತಾನೇ ಕೂಡಿಸಲು ಕಲಿತ ಜನ ಈ ಪುಸ್ತಕ ಹಿಡಿದರು. ಚಿಕ್ಕ ವಾಕ್ಯ, ಪರಿಚಿತ ಬೀದಿಯ ಹೆಸರು, ಅಧ್ಯಾಯದ ಕೊನೆಗೆ ಒಂದು ಗಂಟು. ಆ ಗಂಟು ಬಿಚ್ಚಲು ಮುಂದಿನ ಪುಟ ತಿರುಗಿಸಲೇಬೇಕು. ತಿರುಗಿಸುತ್ತಾ ತಿರುಗಿಸುತ್ತಾ ಓದು ಸರಾಗವಾಗುತ್ತದೆ. ಇದು ರುಚಿ ಕೆಡಿಸುವ ಕೆಲಸವೇ? ಈಜು ಕಲಿಯುವವನಿಗೆ ಊರ ಕೆರೆಯ ಮೆಟ್ಟಿಲು ಹೇಗೋ, ಹೊಸ ಓದುಗನಿಗೆ ಈ ಕಾದಂಬರಿಗಳು ಹಾಗೆ ಎಂದು ನಾನು ತಿಳಿದಿದ್ದೇನೆ. ಮ. ರಾಮಮೂರ್ತಿಯವರನ್ನೂ ಇಲ್ಲಿ ನೆನೆಯಬೇಕು. ಹಳದಿ ಕೆಂಪಿನ ಕನ್ನಡ ಬಾವುಟವನ್ನು ರೂಪಿಸಿದ, ಕನ್ನಡ ಚಳವಳಿಗೆ ಬದುಕು ಸವೆಸಿದ ಅವರೇ ನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದವರು. ಭಾಷೆ ಉಳಿಯುವುದು ಓದುವ ಜನ ಇದ್ದರೆ ಎಂಬುದನ್ನು ಅವರಷ್ಟು ಬಲ್ಲವರು ಕಡಿಮೆ. ಟಿ.ಕೆ. ರಾಮರಾವ್ ಪತ್ತೇದಾರಿ ಕಥೆಗಳಿಗೆ ಹೆಸರಾದವರು. 'ಬಂಗಾರದ ಮನುಷ್ಯ' ಕಾದಂಬರಿಯೂ ಅವರದೇ. ಕುತೂಹಲ ಕಟ್ಟುವುದರಲ್ಲಿ ಪಳಗಿದ ಕೈಯೇ ನಾಡು ನೆನಪಿಡುವ ಒಂದು ಕುಟುಂಬದ ಕಥೆಯನ್ನೂ ಕೊಟ್ಟಿತು.

ಆರೋಪದಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ಅವಸರದಲ್ಲಿ ಬರೆದ ಎಷ್ಟೋ ಕಾದಂಬರಿಗಳಲ್ಲಿ ಹೆಣ್ಣು ಬಲೆಗೆ ಹಾಕಿದ ಮಾಂಸದ ತುಂಡಿನಂತೆ ಬಂದು ಹೋಗುತ್ತಾಳೆ. ಖಳನನ್ನು ಹೆಸರಿನಿಂದ, ಬಟ್ಟೆಯಿಂದ, ಗಡ್ಡದಿಂದ ಮೊದಲ ಪುಟದಲ್ಲೇ ಗುರುತಿಸಬಹುದು. ನನ್ನ ಆಕ್ಷೇಪ ಇಲ್ಲಿ ನೀತಿಯದೂ ಹೌದು, ಕಸುಬಿನದೂ ಹೌದು. ಖಳನನ್ನು ಜಾತಿಯಿಂದಲೋ ಮತದಿಂದಲೋ ಗುರುತಿಸಬಹುದಾದರೆ ಅದು ಬೇಹಿನ ಕಥೆಯೇ ಅಲ್ಲ. ಯಾರನ್ನು ನಂಬುವುದು ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಕೌಟಿಲ್ಯನ ಪಟ್ಟಿ ಇದನ್ನು ಚೆನ್ನಾಗಿ ಬಲ್ಲದು. ಅಲ್ಲಿಯ ಬೇಹುಗಾರ ನಮ್ಮ ನಡುವಿನವನೇ, ನಮ್ಮಂತೆಯೇ ಕಾಣುವವನು.

ಅಗ್ಗದ ಕಥೆ ಎಂಬ ಆಕ್ಷೇಪ ಆಯಿತು. ಇದಕ್ಕಿಂತ ಗಂಭೀರವಾದ ಇನ್ನೊಂದಿದೆ. ಬೇಹಿನ ಕಥೆ ಸುಳ್ಳನ್ನು, ವಂಚನೆಯನ್ನು ಶೌರ್ಯವೆಂದು ಮೆರೆಸುತ್ತದೆ ಎಂಬುದು. ಕೆಲವು ಕಥೆಗಳು ಹಾಗೆ ಮಾಡುತ್ತವೆ. ಒಳ್ಳೆಯವು ಮಾಡುವುದಿಲ್ಲ. ಮುದ್ರಾರಾಕ್ಷಸದ ಕೊನೆ ಹೇಗಿದೆ? ತನ್ನ ಸಂಸಾರವನ್ನು ಕಾಪಾಡಿದ ತಪ್ಪಿಗೆ ಚಂದನದಾಸನನ್ನು ವಧಾಸ್ಥಾನಕ್ಕೆ ಒಯ್ಯುತ್ತಿದ್ದಾರೆ ಎಂದು ಕೇಳಿ ರಾಕ್ಷಸ ತಾನಾಗಿ ಬಂದು ಶರಣಾಗುತ್ತಾನೆ. ಚಾಣಕ್ಯ ಗೆದ್ದದ್ದು ಎದುರಾಳಿಯ ಒಳ್ಳೆಯತನವನ್ನು ಹಗ್ಗ ಮಾಡಿಕೊಂಡು. ಓದುಗನಿಗೆ ಚಾಣಕ್ಯನ ಮೇಲೆ ಬೆರಗು, ರಾಕ್ಷಸನ ಮೇಲೆ ಗೌರವ. ಎರಡೂ ಒಟ್ಟಿಗೆ ಉಳಿಯುತ್ತವೆ. ವಂಚನೆಯ ಬೆಲೆ ಎಷ್ಟು ಎಂಬುದನ್ನು ಕಥೆ ಮುಚ್ಚಿಡುವುದಿಲ್ಲ.

ನಿಜ ಜೀವನದಿಂದ ಒಂದು ನಿದರ್ಶನ ಕೊಡುತ್ತೇನೆ. ಅದರ ಒಂದು ಎಳೆ ಶ್ರೀರಂಗಪಟ್ಟಣದವರೆಗೆ ಬರುತ್ತದೆ. ನೂರ್ ಇನಾಯತ್ ಖಾನ್ 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಹೆಣ್ಣುಮಗಳು. ತಂದೆ ಇನಾಯತ್ ಖಾನ್ ಬರೋಡದ ಸಂಗೀತಗಾರ, ಸೂಫಿ. ಆ ಮನೆತನದ ಹಿರಿಯರಲ್ಲಿ ಟಿಪ್ಪು ಸುಲ್ತಾನರೂ ಒಬ್ಬರು. ನೂರ್ ಪ್ಯಾರಿಸ್‌ನಲ್ಲಿ ಬೆಳೆದು, ಮಕ್ಕಳ ಕಥೆಗಳನ್ನು ಬರೆದರು. ಜಾತಕ ಕಥೆಗಳನ್ನು ಮಕ್ಕಳಿಗಾಗಿ ಹೇಳಿದ ಅವರ ಪುಸ್ತಕ 1939ರಲ್ಲಿ ಬಂತು. ಅವರ ಕಥೆಗಳು ಪ್ಯಾರಿಸ್ ರೇಡಿಯೋದಲ್ಲೂ ಪ್ರಸಾರವಾದವು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಅವರನ್ನು ರೇಡಿಯೋ ಸಂದೇಶ ಕಳಿಸುವ ಗುಪ್ತ ಕೆಲಸಕ್ಕೆ ತರಬೇತಿ ಮಾಡಿ, 1943ರ ಜೂನ್‌ನಲ್ಲಿ ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿಗೆ ಇಳಿಸಿತು. ಇಳಿದ ಕೆಲವೇ ದಿನಗಳಲ್ಲಿ ಅವರ ಜಾಲದ ಬಹುತೇಕ ಎಲ್ಲರೂ ಸೆರೆಯಾದರು. ಮರಳಿ ಬನ್ನಿ ಎಂದರೂ ಅವರು ಬರಲಿಲ್ಲ. ಮೂರು ತಿಂಗಳಿಗೂ ಹೆಚ್ಚು ಕಾಲ ಮನೆಯಿಂದ ಮನೆಗೆ ಯಂತ್ರ ಹೊತ್ತು ಸಂದೇಶ ಕಳಿಸಿದರು. ಕೊನೆಗೆ ಯಾರೋ ಸುಳಿವು ಕೊಟ್ಟರು. ಅಕ್ಟೋಬರಿನಲ್ಲಿ ಸೆರೆಯಾದರು. 1944ರ ಸೆಪ್ಟೆಂಬರಿನಲ್ಲಿ ಡಾಕೌ ಶಿಬಿರದಲ್ಲಿ ಅವರನ್ನು ಕೊಂದರು. 1949ರಲ್ಲಿ ಬ್ರಿಟನ್ ಅವರಿಗೆ ಜಾರ್ಜ್ ಕ್ರಾಸ್ ನೀಡಿತು. ಇದರಲ್ಲಿ ನಮ್ಮ ವಾದಕ್ಕೆ ಬೇಕಾದ ಅಂಶ ಒಂದಿದೆ. ಅವರು ಸೆರೆಯಾದ ಮೇಲೆ ಜರ್ಮನರು ಅವರದೇ ಯಂತ್ರದಿಂದ, ಅವರದೇ ಸಂಕೇತಗಳಲ್ಲಿ, ಅವರ ಹೆಸರಿನಲ್ಲಿ ಲಂಡನ್ನಿಗೆ ಸಂದೇಶ ಕಳಿಸಿದರು. ಲಂಡನ್ ಕೆಲವು ಕಾಲ ನಂಬಿತು. ಆ ನಂಬಿಕೆಯ ಮೇಲೆ ಕಳಿಸಿದ ಇನ್ನಷ್ಟು ಜನ ನೇರವಾಗಿ ಶತ್ರುವಿನ ಕೈಗೆ ಬಿದ್ದರು. ರಾಕ್ಷಸನ ಉಂಗುರ ಮಾಡಿದ ಕೆಲಸವನ್ನೇ ಇಲ್ಲಿ ರೇಡಿಯೋ ಯಂತ್ರ ಮಾಡಿತು. ಮುದ್ರೆ ಅಸಲಿ, ಮಾತು ನಕಲಿ. ನೂರ್ ಅವರ ಬದುಕನ್ನು ಓದಿದ ಯಾರೂ ವಂಚನೆಯನ್ನು ಮೆರೆಸಲಾರರು.

ಕೊನೆಯ ಆಕ್ಷೇಪ ಈ ಕಾಲದ್ದು. ಈಗ ಆಕಾಶದಿಂದ ಉಪಗ್ರಹ ನೋಡುತ್ತದೆ, ಯಂತ್ರ ಫೋನು ಕದ್ದು ಕೇಳುತ್ತದೆ. ವೇಷ ಹಾಕಿ ತಿರುಗುವ ಮನುಷ್ಯನಿಗೆ ಇನ್ನು ಏನು ಕೆಲಸ? ಅವನ ಕಥೆಯ ಕಾಲ ಮುಗಿಯಿತಲ್ಲವೇ? ಉತ್ತರ ನಮ್ಮ ಸುತ್ತಲೇ ಇದೆ. ಈಚಿನ ವರ್ಷಗಳಲ್ಲಿ 'ಡಿಜಿಟಲ್ ಅರೆಸ್ಟ್' ಎಂಬ ಮಾತು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿದೆ. ಪೊಲೀಸ್ ಸಮವಸ್ತ್ರ ತೊಟ್ಟವನು ವೀಡಿಯೋ ಕರೆಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಿಂದೆ ಠಾಣೆಯಂತೆ ಕಾಣುವ ಗೋಡೆ. ನಿಮ್ಮ ಹೆಸರಿನಲ್ಲಿ ಅಪರಾಧ ದಾಖಲಾಗಿದೆ ಎನ್ನುತ್ತಾನೆ. ಮುದ್ರೆ ಒತ್ತಿದ ಕಾಗದ ತೋರಿಸುತ್ತಾನೆ. ನಿವೃತ್ತ ಶಿಕ್ಷಕರು, ವೈದ್ಯರು, ಜೀವಮಾನವಿಡೀ ಲೆಕ್ಕ ಬರೆದವರು ಹಣ ಕಳೆದುಕೊಂಡಿದ್ದಾರೆ. ಮಗಳ ದನಿಯನ್ನೇ ಯಂತ್ರದಿಂದ ಹುಟ್ಟಿಸಿ ತಂದೆಗೆ ಕೇಳಿಸಬಹುದಾದ ಕಾಲ ಇದು. ಹಿಂದೆ ಅರಮನೆಯ ಮಂತ್ರಿ ಮಾತ್ರ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯನ್ನು ಇಂದು ಅಡುಗೆಮನೆಯಲ್ಲಿ ಫೋನು ಎತ್ತಿದವರೂ ಕೇಳಿಕೊಳ್ಳಬೇಕಾಗಿದೆ. ಈ ದನಿ ಅಸಲಿಯೇ? ಈ ಮುದ್ರೆ ಅಸಲಿಯೇ? ಸಂಬಂಧವಿಲ್ಲದ ಮೂವರಿಂದ ಕೇಳಿ ಖಚಿತಪಡಿಸಿಕೋ ಎಂಬ ಕೌಟಿಲ್ಯನ ನಿಯಮ ಈಗ ಪ್ರತಿ ಮನೆಗೂ ಬೇಕು. ಯಂತ್ರ ಹೆಚ್ಚಿದಷ್ಟೂ ಬೇಹಿನ ಕಥೆಯ ಮೂಲಪ್ರಶ್ನೆ ಹರಿತವಾಗಿದೆ.

ಹಾಗಾದರೆ ಇಂದು ಕನ್ನಡದಲ್ಲಿ ಇಂಥ ಕಥೆ ಬರೆಯಹೊರಟವರು ಏನು ಮಾಡಬೇಕು? ವಿದೇಶದ ನಗರಗಳನ್ನು ಬಿಟ್ಟು ಹತ್ತಿರದ್ದನ್ನು ನೋಡಿ ಎನ್ನುತ್ತೇನೆ. 'ಜೇಡರ ಬಲೆ'ಗೆ ಚಿನ್ನ ಮಾಡುವ ಕಲ್ಪನೆಯ ಸೂತ್ರ ಬೇಕಾಯಿತು. ಮೈಸೂರಿನಲ್ಲಿ ನಿಜವಾದ ಗುಪ್ತ ಸೂತ್ರವೇ ಇದೆ. 1937ರಲ್ಲಿ ಶುರುವಾದ, ಇಂದು ಮೈಸೂರು ಪೇಂಟ್ಸ್ ಎಂದು ಹೆಸರಾದ ಕಾರ್ಖಾನೆ 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿಯನ್ನು ತಯಾರಿಸುತ್ತಿದೆ. ಹೊರದೇಶಗಳಿಗೂ ಅದು ಹೋಗುತ್ತದೆ. 1990ರ ದಶಕದಿಂದ ಈ ಊರಿನಲ್ಲಿ ನೋಟು ಅಚ್ಚಾಗುತ್ತದೆ. ಸೈನಿಕರ ಆಹಾರದ ಸಂಶೋಧನೆಗೆಂದು ಹುಟ್ಟಿದ ಒಂದು ರಕ್ಷಣಾ ಪ್ರಯೋಗಾಲಯ ಇಲ್ಲಿದೆ. ಇವುಗಳ ಗೇಟಿನ ಒಳಗೆ ಕೆಲಸ ಮಾಡುವವರು ಸಂಜೆ ಸಂತೆಪೇಟೆಯಲ್ಲಿ ಸಾಮಾನು ಕೊಳ್ಳುವ, ಮಕ್ಕಳ ಶುಲ್ಕ ಹೊಂದಿಸುವ ಸಾಮಾನ್ಯ ಜನ. ಬೇಹುಗಾರ ಹುಡುಕುವುದು ಅವರನ್ನೇ. ಸಾಲದಲ್ಲಿದ್ದವರು, ಅವಮಾನ ನುಂಗಿದವರು, ಮೇಲಧಿಕಾರಿ ಹೆಸರು ಹಿಡಿದು ಮಾತಾಡಿಸಿದ್ದೇ ಇಲ್ಲ ಎಂಬ ಕೊರಗಿನವರು. ಮೊದಲ ಭೇಟಿ ಒಂದು ಕಾಫಿಯ ಮೇಲೆ ಆಗುತ್ತದೆ. ಎರಡನೆಯ ಭೇಟಿಯಲ್ಲಿ ಸಣ್ಣ ಸಹಾಯ. ಮೂರನೆಯದರಲ್ಲಿ ಒಂದು ಪುಟ್ಟ ಪ್ರಶ್ನೆ, ಕೇಳಿದರೆ ಏನೂ ಅನ್ನಿಸದಂಥದು. ಕಥೆಗಾರ ಅಲ್ಲಿಂದ ಶುರು ಮಾಡಲಿ. ಆ ನೌಕರನ ಹೆಂಡತಿಯನ್ನು ಮರೆಯದಿರಲಿ. ಗಂಡ ತಂದ ಹೊಸ ಹಣದ ಬಗ್ಗೆ ಅವಳು ಏನು ಕೇಳಿದಳು, ಅವನು ಏನು ಹೇಳಿದ, ಅವಳು ನಂಬಿದಳೋ ಇಲ್ಲವೋ ಎಂಬುದನ್ನು ಬರೆಯಲಿ. ಕೌಟಿಲ್ಯ ಖಾಲಿ ಬಿಟ್ಟ ಜಾಗ ಅದು, ಮತ್ತು ಕನ್ನಡದಲ್ಲಿ ಆ ಕಾದಂಬರಿಗೆ ಓದುಗರು ಕಾದಿದ್ದಾರೆ.